ಮಗುವಿನ ಮುಂದೆ ಕ್ಯಾಮೆರಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಡ ಕುಟುಂಬಗಳ ಮಕ್ಕಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿರುವ ವಿದ್ಯಾರ್ಥಿಗಳು, ಶಿಕ್ಷಕರು, ಸಂಘಸಂಸ್ಥೆಗಳ ಕಾರ್ಯಕರ್ತರು ಬರೆದ ಪತ್ರಗಳಿಂದ ಆರಿಸಿದ ಪ್ರಶ್ನೆಗಳು ಇಲ್ಲಿವೆ.

ಬೀಜೋತ್ಪಾದನೆ ಪ್ಲಾಟುಗಳಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗಸ್ಪರ್ಶ ಮಾಡುವ ಕೆಲಸಕ್ಕೆ ಹೋಗುವ ಮಕ್ಕಳ ಬಗ್ಗೆ 15 ನಿಮಿಷದ ಚಿತ್ರ ಮಾಡುತ್ತಿದ್ದೇವೆ. ತಂದೆತಾಯಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ. ಇನ್ನು ಮಕ್ಕಳ ಮುಖ ತೋರಿಸಲು ಅಡ್ಡಿ ಇಲ್ಲವಲ್ಲ?
– ಪದವಿ ವಿದ್ಯಾರ್ಥಿನಿ, ರಾಣೆಬೆನ್ನೂರು

ಅಡ್ಡಿ ಇದೆ. ತಂದೆತಾಯಿಯ ಸಹಿ ಅದನ್ನು ತೆಗೆಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಕಾರ್ಮಿಕ ಕಾನೂನು ಮೀರಿ ದುಡಿಯುತ್ತಿರುವ ಮಗು, ಭಿಕ್ಷೆ ಬೇಡುವ ಮಗು, ಬೀದಿಯಲ್ಲಿ ಬದುಕುವ ಮಗು, ಬಾಲ್ಯವಿವಾಹದ ಅಪಾಯದಲ್ಲಿರುವ ಮಗು ಎಲ್ಲರೂ 'ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ' ಮಕ್ಕಳು. ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸಬಾರದೆಂದು 74ನೇ ಸೆಕ್ಷನ್ ಹೇಳುತ್ತದೆ. ತಪ್ಪಿದರೆ 6 ತಿಂಗಳವರೆಗೆ ಸೆರೆ, ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮಗುವಿನ ಹಿತಕ್ಕೆ ಅಗತ್ಯವೆಂದು ಕಂಡರೆ ಮಕ್ಕಳ ಕಲ್ಯಾಣ ಸಮಿತಿ ಲಿಖಿತ ಕಾರಣ ಕೊಟ್ಟು ಅನುಮತಿ ನೀಡಬಹುದು. ಸಮಿತಿ ನಿಮ್ಮ ಜಿಲ್ಲೆಯಲ್ಲೇ ಇದೆ. ಚಿತ್ರೀಕರಣಕ್ಕೆ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಬನ್ನಿ.

ಕಾನೂನಿನಷ್ಟೇ ದೊಡ್ಡ ಕಾರಣ ಇನ್ನೊಂದಿದೆ. ನೀವು ಚಿತ್ರ ಮುಗಿಸಿ ಹೋಗುತ್ತೀರಿ. ಆ ಹುಡುಗಿ ಅದೇ ಊರಲ್ಲಿ, ಅದೇ ಶಾಲೆಯಲ್ಲಿ, ಅದೇ ಹೊಲದ ಮಾಲೀಕನ ಎದುರು ಬದುಕಬೇಕು. ಹತ್ತು ವರ್ಷದ ನಂತರ ಆಕೆಯ ಮದುವೆ ಮಾತುಕತೆಗೆ ಬಂದವರು ಮೊಬೈಲಿನಲ್ಲಿ ಆ ಚಿತ್ರ ತೆಗೆದು ನೋಡಬಾರದು.

ಮುಖವಿಲ್ಲದೆ ಚಿತ್ರ ಸೊರಗುತ್ತದೆ ಎಂಬ ಭಯ ಬೇಡ, ಅದರಲ್ಲೂ ಕ್ರಾಸಿಂಗ್ ಕೆಲಸದಲ್ಲಿ. ಹತ್ತಿಯಲ್ಲಾದರೆ, ಮಾರನೆಯ ದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನದಿಂದ ಸಂಜೆಯೊಳಗೆ ಹುಡುಕಿ, ಉಗುರಿನಿಂದ ಪಕಳೆ ಮತ್ತು ಗಂಡು ಕೇಸರ ಬಿಡಿಸಿ ಗುರುತು ಹಾಕುತ್ತಾರೆ. ಮರುದಿನ ಮುಂಜಾನೆ ಗಂಡು ಸಾಲಿನ ಹೂ ತಂದು ಅದರ ಪರಾಗ ಒರೆಸುತ್ತಾರೆ. ಒಂದೇ ಮೊಗ್ಗಿನ ಮೇಲೆ ಸಂಜೆಯ ಬೆರಳು, ಮುಂಜಾನೆಯ ಬೆರಳು: ಎರಡನ್ನೂ ಹತ್ತಿರದಿಂದ ಹಿಡಿಯಿರಿ. ಗಿಡದ ಎತ್ತರ, ಮಗುವಿನ ಎತ್ತರ ಒಂದೇ ಚೌಕಟ್ಟಿನಲ್ಲಿ ಬೆನ್ನ ಹಿಂದಿನಿಂದ ಬರಲಿ. ಮಕ್ಕಳನ್ನೇ ಯಾಕೆ ಕರೆಯುತ್ತಾರೆ ಎನ್ನುವುದು ಅಲ್ಲೇ ಕಾಣುತ್ತದೆ. ಇದು ವಾರಗಟ್ಟಲೆ ದಿನ ತಪ್ಪದೆ ನಡೆಯಬೇಕಾದ ಕೆಲಸ. ಶಾಲೆ ತಪ್ಪುವುದಕ್ಕೆ ಮುಖ್ಯ ಕಾರಣ ಈ ವೇಳಾಪಟ್ಟಿಯೇ, ಆದ್ದರಿಂದ ಚಿತ್ರದಲ್ಲಿ ಗಡಿಯಾರದ ಸಮಯ ಸ್ಪಷ್ಟವಾಗಿರಲಿ.

ಕೊನೆಗೊಂದು ಎಚ್ಚರಿಕೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವುದನ್ನು ನಿಷೇಧಿಸುತ್ತದೆ. ಆದರೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಸ್ವಂತ ಮನೆತನದ, ಅಪಾಯಕಾರಿಯಲ್ಲದ ಕೆಲಸಕ್ಕೆ ಕೈಜೋಡಿಸಲು ಅವಕಾಶವಿದೆ. ಭಾನುವಾರ ಅಪ್ಪನ ಹೊಲದಲ್ಲಿರುವ ಹುಡುಗನನ್ನು ಕೂಲಿ ಮಗು ಎಂದು ತೋರಿಸಿದರೆ ಚಿತ್ರ ಸುಳ್ಳಾಗುತ್ತದೆ, ಒಂದು ರೈತ ಕುಟುಂಬದ ಮೇಲೆ ಕಳಂಕ ಬರುತ್ತದೆ. ಯಾರ ಹೊಲ, ಯಾವ ವಾರ, ಕೂಲಿ ಯಾರ ಕೈಗೆ ಬಂತು, ಈ ಮೂರನ್ನೂ ಪ್ರತಿ ದೃಶ್ಯಕ್ಕೂ ಬರೆದಿಟ್ಟುಕೊಳ್ಳಿ.

ಮುಖ ಮಸುಕು ಮಾಡಿ, ದನಿ ಬದಲಿಸಿದರೆ ಸಾಕಲ್ಲವೆ?
– ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತ, ಹುಬ್ಬಳ್ಳಿ

ಸಾಲದು. ತೆಳುವಾದ ಮಸುಕಿನ ಹಿಂದೆ ಪರಿಚಿತ ಮುಖ ಗೊತ್ತಾಗಿಬಿಡುತ್ತದೆ. ಮಗು ತಟ್ಟನೆ ತಲೆ ತಿರುಗಿಸಿದಾಗ ಮಸುಕು ಒಂದೆರಡು ಫ್ರೇಮ್ ಹಿಂದೆ ಬೀಳುತ್ತದೆ, ಅಲ್ಲಿ ನಿಲ್ಲಿಸಿ ನೋಡಿದರೆ ಮುಖ ಪೂರ್ತಿ ಕಾಣುತ್ತದೆ. ಹಾಗಾಗಿ ಮಸುಕು ಮಾಡಿದ ಪ್ರತಿ ತುಣುಕನ್ನೂ ಒಂದೊಂದೇ ಫ್ರೇಮ್ ಸರಿಸಿ ಪರೀಕ್ಷಿಸಬೇಕು. ಅದಕ್ಕಿಂತ, ಮೊದಲೇ ಮುಖ ಬಾರದಂತೆ ತೆಗೆಯುವುದು ಒಳ್ಳೆಯದು. ಮೂಲ ತುಣುಕು ಹಾರ್ಡ್ ಡಿಸ್ಕಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಯಾರ ಕೈಗೆ ಹೋಗುತ್ತದೋ ಹೇಳಲಾಗದು.

ಕಿಟಕಿಗೆ ಬೆನ್ನು ಮಾಡಿ ಕೂರಿಸಿ ನೆರಳುಚಿತ್ರ ತೆಗೆಯುವುದಾದರೆ ಕ್ಯಾಮೆರಾದ ಎಕ್ಸ್‌ಪೋಶರನ್ನು ಕಿಟಕಿಯ ಬೆಳಕಿಗೆ ಹೊಂದಿಸಿ ಲಾಕ್ ಮಾಡಿ. ಆಮೇಲೆ ಸಂಕಲನದಲ್ಲಿ ಕತ್ತಲ ಭಾಗವನ್ನು ಬೇಕೆಂದೇ ಪೂರ್ತಿ ಏರಿಸಿ ನೋಡಿ. ಕಣ್ಣು ಮೂಗು ಮೂಡಿದರೆ ಆ ತುಣುಕು ಬಳಸಬೇಡಿ. ನೀವು ಏರಿಸಿದಂತೆಯೇ ಇನ್ನೊಬ್ಬರೂ ಏರಿಸಬಲ್ಲರು.

ದನಿಯ ಸ್ಥಾಯಿ ಬದಲಿಸಿದ್ದನ್ನು ಬಹುಪಾಲು ಹಿಂದಕ್ಕೆ ತರಬಹುದು. ಮಾತಿನ ಧಾಟಿಯಂತೂ ಊರವರಿಗೆ ತಿಳಿದೇ ತಿಳಿಯುತ್ತದೆ. ಮಗುವಿನ ಮಾತನ್ನು ಅಕ್ಷರಶಃ ಬರೆದುಕೊಂಡು ಇನ್ನೊಬ್ಬರಿಂದ ಓದಿಸಿ, 'ದನಿ ಬೇರೆಯವರದು, ಮಾತು ಮಗುವಿನದು' ಎಂದು ಪರದೆಯ ಮೇಲೆ ಹಾಕಿ.

ಗುರುತು ಸಿಗುವುದು ಹೆಚ್ಚಾಗಿ ಮುಖದಿಂದಲ್ಲ, ಹಿನ್ನೆಲೆಯಿಂದ. ಸಮವಸ್ತ್ರದ ಬಣ್ಣ, ಬಸ್ಸಿನ ಬೋರ್ಡು, ಗೋಡೆಯ ಮೇಲೆ ಬರೆದ ಅಂಗನವಾಡಿ ಕೇಂದ್ರದ ಹೆಸರು, ಹಾಜರಿ ಪುಸ್ತಕ, ಊರ ಅಗಸಿ, ಕನ್ನಡಿಯ ಪ್ರತಿಬಿಂಬ ಎಲ್ಲ ಸೋರುವ ಜಾಗಗಳೇ. ಯೂಟ್ಯೂಬ್ ತಾನೇ ಆರಿಸುವ ಮುಖಚಿತ್ರದಲ್ಲೂ ಎಡವಟ್ಟಾಗಬಹುದು. ಮೊಬೈಲಿನ ಕ್ಯಾಮೆರಾದಲ್ಲಿ ಲೊಕೇಶನ್ ಬಂದ್ ಮಾಡಿಯೇ ಶೂಟಿಂಗ್ ಶುರು ಮಾಡಿ.

ತಾಂಡಾದ ತಂದೆತಾಯಿ ಗೋವಾ ಕಡೆ ದುಡಿಯಲು ಹೋಗಿ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುವ ಬಗ್ಗೆ ಚಿತ್ರ ಮಾಡಬೇಕಿದೆ. ನಾಲ್ಕು ದಿನ ಸಾಕೆ? ಮಕ್ಕಳು ಕ್ಯಾಮೆರಾ ಕಂಡರೆ ಮಾತೇ ಆಡುವುದಿಲ್ಲ.
– ಶಿಕ್ಷಕ, ಮುಂಡರಗಿ

ನಾಲ್ಕು ದಿನವೇ ಇದ್ದರೂ ಒಟ್ಟಿಗೆ ಕಳೆಯಬೇಡಿ, ಎರಡು ಸುತ್ತು ಮಾಡಿ. ದುಡಿಯಲು ಹೋದ ಲಂಬಾಣಿ ಕುಟುಂಬಗಳು ದೀಪಾವಳಿಗೆ, ಹೋಳಿಗೆ ಊರಿಗೆ ಬರುತ್ತವೆ. ದೀಪಾವಳಿಯಲ್ಲಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ 'ಮೇರಾ' ಎಂಬ ಹಾರೈಕೆ ಹೇಳುವಾಗ ತಾಂಡಾ ತುಂಬಿರುತ್ತದೆ. ಹಬ್ಬ ಮುಗಿದು ಕುಟುಂಬಗಳು ಹೊರಟ ಮೇಲೆ ಅದೇ ಓಣಿಯನ್ನು, ಅದೇ ಜಾಗದಲ್ಲಿ ಕ್ಯಾಮೆರಾ ಇಟ್ಟು ಮತ್ತೆ ತೆಗೆಯಿರಿ. ಆಗ ವಿವರಣೆಯ ಮಾತು ಸ್ವಲ್ಪವೇ ಸಾಕು.

ಮೊದಲ ದಿನ ಕ್ಯಾಮೆರಾ ಚೀಲದಿಂದ ಹೊರಗೆ ಬರುವುದೇ ಬೇಡ. ಎರಡನೆಯ ದಿನ ಮಕ್ಕಳ ಕೈಗೇ ಕೊಟ್ಟು ಒಬ್ಬರನ್ನೊಬ್ಬರು ತೆಗೆಯಲಿ ಬಿಡಿ, ಆಮೇಲೆ ಆ ತುಣುಕುಗಳನ್ನು ಅವರ ಎದುರಿಗೇ ಅಳಿಸಿ. ಮಾತಾಡಿಸುವಾಗ ನೆಲದ ಮೇಲೆ ಕೂತು ಲೆನ್ಸನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ತನ್ನಿ. ನಿಂತು ಮೇಲಿನಿಂದ ತೆಗೆದರೆ ಯಾವ ಮಗುವಾದರೂ ದೀನವಾಗಿ ಕಾಣುತ್ತದೆ, ಅದು ಕ್ಯಾಮೆರಾ ಹೇಳುವ ಸುಳ್ಳು. ಒಂದು ಸಲಕ್ಕೆ 15–20 ನಿಮಿಷ ಮೀರಬೇಡಿ, ಅಜ್ಜಿ ಕಣ್ಣಳತೆಯಲ್ಲೇ ಇರಲಿ.

ಪ್ರಶ್ನೆ ಕೇಳುವ ರೀತಿಯಲ್ಲೇ ಅರ್ಧ ಕೆಲಸ ಕೆಡುತ್ತದೆ. 'ಸಾಲಿಗೆ ಯಾಕ್ ಹೋಗಂಗಿಲ್ಲ?' ಎಂದರೆ ಬೈಗುಳದಂತೆ ಕೇಳಿಸಿ ಮಗು ತಲೆ ತಗ್ಗಿಸುತ್ತದೆ. 'ಅವ್ವ ನೆನಪಾಗ್ತಾಳೇನು?' ಎಂದರೆ ಅಳು ಬರುತ್ತದೆ. ಅಳಿಸುವುದಕ್ಕೆಂದೇ ಕೇಳುವ ಆ ಪ್ರಶ್ನೆ ಬೇಡವೇ ಬೇಡ. 'ಮುಂಜಾನೆ ಎದ್ದು ಏನೇನ್ ಮಾಡ್ತೀಯವಾ, ಹೇಳು' ಎನ್ನಿ. ನೀರು ತಂದದ್ದು, ತಮ್ಮನಿಗೆ ತಲೆ ಬಾಚಿದ್ದು, ಫೋನು ಬರುವ ಹೊತ್ತಿಗೆ ಕಾದದ್ದು ತಾನಾಗಿ ಹೊರಬರುತ್ತದೆ.

ಮಕ್ಕಳು ಲಂಬಾಣಿಯಲ್ಲೇ ಮಾತಾಡಲಿ. ಕನ್ನಡದಲ್ಲಿ ಹೇಳು ಎಂದು ಒತ್ತಾಯಿಸಿದರೆ ಶಾಲೆಯ ಉತ್ತರ ಬರುತ್ತದೆ. ತಾಂಡಾದವರೊಬ್ಬರನ್ನು ಕೂಡಿಸಿಕೊಂಡು ಕೇಳಿ, ಅದೇ ವಾರ ಅವರಿಂದಲೇ ಸಾಲುಸಾಲಾಗಿ ಅನುವಾದ ಮಾಡಿಸಿ, ಅದಕ್ಕೆ ಸಂಬಳವನ್ನೂ ಕೊಡಿ. ಪರದೆಯ ಮೇಲಿನ ಬರಹ ಎರಡು ಸಾಲು ಮೀರದಿರಲಿ, ಕನಿಷ್ಠ 2 ಸೆಕೆಂಡ್ ನಿಲ್ಲಲಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಡಿ.

ಕಪ್ಪತಗುಡ್ಡದ ಸೀಮೆಯಲ್ಲಿ ಗಾಳಿ ನಿಮ್ಮ ದೊಡ್ಡ ವೈರಿ. ಅಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಮೈಕಿನ ಸ್ಪಂಜಿನ ಟೊಪ್ಪಿಗೆ ಸಾಲದು, ತುಪ್ಪಳದ ಹೊದಿಕೆ ಬೇಕು. ಮೈಕನ್ನು ಬಾಯಿಯಿಂದ ಒಂದು ಗೇಣು ಕೆಳಗೆ, ಗಾಳಿಗೆ ಬೆನ್ನು ಮಾಡಿ ಸಿಕ್ಕಿಸಿ. ರೆಕಾರ್ಡಿಂಗ್ ಮೀಟರಿನಲ್ಲಿ ಮಾತಿನ ಏರು ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಲಿ. ಹೊರಡುವ ಮೊದಲು ಯಾರೂ ಮಾತಾಡದೆ ಆ ಜಾಗದ ಸದ್ದನ್ನಷ್ಟೇ ಒಂದು ನಿಮಿಷ ಹಿಡಿದುಕೊಳ್ಳಿ. ಕತ್ತರಿಸಿದ ಕಡೆಯಲ್ಲೆಲ್ಲ ಅದೇ ತೇಪೆ.

ಅಂಗನವಾಡಿಯಲ್ಲಿ ಮೊಬೈಲಿನಿಂದ ತೆಗೆದ ದೃಶ್ಯಗಳಲ್ಲಿ ಕಪ್ಪು ಪಟ್ಟಿಗಳು ಓಡುತ್ತವೆ. ಯಾಕೆ?
– ಸಮಾಜಕಾರ್ಯ ವಿದ್ಯಾರ್ಥಿ, ಧಾರವಾಡ

ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಚೋಕ್ ಇರುವ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮೊಬೈಲು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮಿಗೆ ಇರುತ್ತದೆ, ಶಟರ್ ತೆರೆದಿರುವ ಹೊತ್ತು 1/60 ಸೆಕೆಂಡ್ ಆದರೆ ದೀಪದ ಮಿನುಗಿಗೆ ಲೆಕ್ಕ ಕೂಡದೆ ಪಟ್ಟಿ ಬೀಳುತ್ತದೆ. ಪ್ರೊ ಮೋಡಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಅಥವಾ 1/100 ಇಡಿ. 25 ಸಿಗದಿದ್ದರೂ ಶಟರ್ ಮಾತ್ರ ಇದೇ ಇರಲಿ. ಹಗಲಾದರೆ ದೀಪ ಆರಿಸಿ ಮಕ್ಕಳನ್ನು ಬಾಗಿಲ ಬೆಳಕಿಗೆ ಕೂರಿಸುವುದೇ ಸುಲಭ. ಅಂಗನವಾಡಿಗೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯ ಲಿಖಿತ ಅನುಮತಿ ಬೇಕು. ಇಲ್ಲದಿದ್ದರೆ ತೊಂದರೆಗೆ ಸಿಕ್ಕಿಬೀಳುವವರು ಕಾರ್ಯಕರ್ತೆ.

ತೋಳಿನ ಸುತ್ತಳತೆ ಅಳೆಯುವ ದೃಶ್ಯವಿದೆ ಎಂದೂ ಬರೆದಿದ್ದೀರಿ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅಳತೆಪಟ್ಟಿಯಲ್ಲಿ ಕೆಂಪು, ತೀವ್ರ ಅಪೌಷ್ಟಿಕತೆ. 11.5ರಿಂದ 12.5ರವರೆಗೆ ಹಳದಿ, ಮಧ್ಯಮ ಅಪೌಷ್ಟಿಕತೆ. ಕೆಂಪು ತೋರಿಸಿ ದುಃಖದ ಸಂಗೀತ ಹಾಕಿ ಬಿಡುವ ಚಿತ್ರಗಳು ಬಹಳ. ನಿಮ್ಮ ಚಿತ್ರ ಅಲ್ಲಿಂದ ಶುರುವಾಗಲಿ: ವೈದ್ಯರ ತಪಾಸಣೆ ಆಯಿತೆ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿದರೆ ತಾಯಿ ಸುಮಾರು 14 ದಿನ ಉಳಿಯಬಲ್ಲಳೆ, ಮನೆಯಲ್ಲಿರುವ ಇನ್ನೆರಡು ಮಕ್ಕಳಿಗೆ ಯಾರು ಗತಿ, ಕೂಲಿನಷ್ಟಕ್ಕೆ ಕೊಡುವ ಹಣ ಕೈಗೆ ಬಂತೆ.

ನಿಜವಾದ ಮಗುವಿನ ಬದಲು ನಾಟಕ ತಂಡದ ಮಕ್ಕಳಿಂದ ಅಭಿನಯ ಮಾಡಿಸಬಹುದೆ?
– ರಂಗಕಲಾವಿದ, ಹಾನಗಲ್

ಮಾಡಿಸಬಹುದು, 'ಇದು ಅಭಿನಯ' ಎಂದು ದೃಶ್ಯದ ಮೇಲೆಯೇ ಹಾಕಬೇಕು. ಬಾಲ ಕಲಾವಿದರ ಬಗ್ಗೆ 2017ರ ನಿಯಮಗಳು ಸ್ಪಷ್ಟವಾಗಿವೆ: ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಸಂಭಾವನೆಯ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ಮಾತಿನ ಮಧ್ಯೆ ಒಬ್ಬ ಹುಡುಗಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದನ್ನು ಹೇಳಿದರೆ?
– ಹೆಸರು ಬೇಡ, ಗದಗ

ಕ್ಯಾಮೆರಾ ನಿಲ್ಲಿಸಿ. ಕೆದಕಿ ಕೇಳಬೇಡಿ, 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ನಿಮಗೆ ಸಾಧ್ಯವಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಮುಂದಿನ ದಾರಿ ಹೇಳುತ್ತಾರೆ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ, ದಿನಾಂಕ ಹೊತ್ತು ಸಹಿತ ಬರೆದಿಡಿ. ಆಗಲೇ ರೆಕಾರ್ಡ್ ಆದದ್ದನ್ನು ಅಳಿಸಬೇಡಿ, ಯಾರಿಗೂ ಕಳಿಸಲೂಬೇಡಿ, ತನಿಖೆಯವರು ಕೇಳಿದರೆ ಅವರಿಗೆ ಒಪ್ಪಿಸಿ. ಚಿತ್ರದಲ್ಲಿ ಅದು ಬರುವುದು ಬೇಡ.

ಚಿತ್ರದಲ್ಲಿ ಬರುವ ಕುಟುಂಬಕ್ಕೆ ಹಣ ಕೊಡಬಹುದೆ?
– ಓದುಗರು, ಶಿಗ್ಗಾಂವಿ

ಮಾತಿಗೆ ಹಣ ಬೇಡ, ಹಣಕ್ಕೆ ತಕ್ಕ ಮಾತು ಹುಟ್ಟುತ್ತದೆ. ಆದರೆ ನಿಮ್ಮಿಂದ ತಪ್ಪಿದ ಕೂಲಿ ದಿನಕ್ಕೆ ಊರಿನ ದರದಲ್ಲೇ ಕೊಡಿ, ಮೊದಲೇ ಹೇಳಿ ಕೊಡಿ, ಲೆಕ್ಕ ಬರೆದಿಡಿ.

ತಯಾರಾದ ಚಿತ್ರವನ್ನು ಊರಲ್ಲೇ ತೋರಿಸಲು ಏನೇನು ಬೇಕು?
– ಗ್ರಂಥಾಲಯ ಮೇಲ್ವಿಚಾರಕಿ, ರೋಣ

ಮೊದಲು ಚಿತ್ರದಲ್ಲಿರುವ ಕುಟುಂಬಗಳಿಗೆ ಮಾತ್ರ, ಅವರ ಮನೆಯಲ್ಲೇ ತೋರಿಸಿ. ಬೇಡವೆಂದ ತುಣುಕು ತೆಗೆಯಲು ನಿಮಗೆ ಇನ್ನೂ ಎರಡು ವಾರ ಕೈಯಲ್ಲಿರಬೇಕು. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನೆಮಾಟೋಗ್ರಾಫ್ ಕಾಯ್ದೆಯಂತೆ ಸಾಕ್ಷ್ಯಚಿತ್ರಕ್ಕೂ ಕೇಂದ್ರ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಅರ್ಜಿ ಆನ್‌ಲೈನಿನಲ್ಲಿದೆ, ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ.

ಕತ್ತಲಾದ ಮೇಲೆ ಎಂಟು ಅಡಿ ಅಗಲದ ಬಿಳಿ ಪರದೆಗೆ 3000 ಲ್ಯೂಮೆನ್ ಪ್ರೊಜೆಕ್ಟರ್ ಸಾಕು. ಆದರೆ ಹತ್ತಿರದ ಬೀದಿದೀಪ ಆರಿಸಲು ಪಂಚಾಯತಿಗೆ ಮುಂಚೆಯೇ ಹೇಳಿಡಿ. ಕರೆಂಟು ಹೋದರೆಂದು ಇನ್ವರ್ಟರ್ ಇರಲಿ, ಪ್ರೊಜೆಕ್ಟರೇ 250–300 ವಾಟ್ ಎಳೆಯುತ್ತದೆ. ಪ್ರೊಜೆಕ್ಟರಿನ ಸ್ವಂತ ಸ್ಪೀಕರ್ ಬಯಲಿನಲ್ಲಿ ಕೇಳಿಸದು, ಧ್ವನಿವರ್ಧಕ ಬೇಕು. ಇನ್ನು ಪೆನ್‌ಡ್ರೈವ್: ಹಳೆಯ ಪ್ರೊಜೆಕ್ಟರುಗಳು ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದನ್ನಷ್ಟೇ ಓದುತ್ತವೆ, ಅದರಲ್ಲಿ 4 ಜಿಬಿ ಮೀರಿದ ಫೈಲು ಹಿಡಿಯುವುದಿಲ್ಲ. ಚಿತ್ರವನ್ನು ಅದಕ್ಕಿಂತ ಚಿಕ್ಕದಾಗಿ, ಎಚ್.264 ಎಂಬ ವಿಡಿಯೊ ಮಾದರಿಯಲ್ಲಿ ತೆಗೆದು, ಹಿಂದಿನ ಸಂಜೆ ಅದೇ ಪ್ರೊಜೆಕ್ಟರಿನಲ್ಲಿ ಕೊನೆಯ ನಿಮಿಷದವರೆಗೂ ಓಡಿಸಿ ನೋಡಿ. ಕನ್ನಡ ಬರಹವನ್ನು ಬೇರೆ ಫೈಲಾಗಿ ಇಡದೆ ಚಿತ್ರದೊಳಗೇ ಸೇರಿಸಿ, ಇಲ್ಲವಾದರೆ ಪರದೆಯ ಮೇಲೆ ಅಕ್ಷರಗಳ ಬದಲು ಬರೀ ಚೌಕಗಳು ಬರಬಹುದು.