ತೇಗದ ದಾರಂದ ಡೊಂಕಾಗಿದ್ದು ಏಕೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಅಜ್ಜನ ಕಾಲದ ಮನೆ ಬಿಚ್ಚಿ ಹೊಸದು ಕಟ್ಟಿದೆವು. ಹಳೇ ಹೊನ್ನೆಯ ದಾರಂದ ಈಗಲೂ ನೆಟ್ಟಗಿದೆ. ಹೊಸ ತೇಗದ್ದು ಎರಡೇ ಮಳೆಗಾಲಕ್ಕೆ ಡೊಂಕಾಗಿ, ಮೂಲೆಯಿಂದ ಹಿಟ್ಟು ಉದುರುತ್ತಿದೆ. ಈಗಿನ ಮರಕ್ಕೆ ಸತ್ವವೇ ಇಲ್ವಾ? ಬಿಚ್ಚಿದ ತೊಲೆಗಳನ್ನು ಕೇಳಿದವರಿಗೆ ಮಾರಿಬಿಡಲೇ?"

ಸಂಪಾದಕರ ಉತ್ತರ:

ಕೊನೇ ಪ್ರಶ್ನೆಗೆ ಮೊದಲು ಉತ್ತರ: ದಯವಿಟ್ಟು ಮಾರಬೇಡಿ.

ಹಿಟ್ಟು ಉದುರುವ ಮೂಲೆಯನ್ನು ಹತ್ತಿರದಿಂದ ನೋಡಿ. ದಾರಂದದ ಉಳಿದ ಭಾಗ ಕಂದು, ಆ ಅಂಚು ಮಾತ್ರ ಬಿಳಿ ಇರಬೇಕು. ಗುಂಡುಸೂಜಿ ತಲೆಯಷ್ಟು ತೂತುಗಳು ಬಿಳಿಯಲ್ಲೇ ಇರುತ್ತವೆ, ಕಂದು ಭಾಗಕ್ಕೆ ದಾಟಿರುವುದಿಲ್ಲ. ಕಂದು ಇರೋದು ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ. ಮರಕ್ಕೆ ವಯಸ್ಸಾದಷ್ಟೂ ಅದು ದಪ್ಪವಾಗುತ್ತದೆ. ಬಿಳಿ ಇರೋದು ಮರ ಬದುಕಿದ್ದಾಗ ನೀರು ಸಾಗಿಸುತ್ತಿದ್ದ ಹೊರಪದರ. ಅಲ್ಲಿ ಪಿಷ್ಟ ಇರುತ್ತದೆ, ಕುಟ್ಟೆ ಹುಳಕ್ಕೆ ಅದೇ ಊಟ. ಚೇಗಿನಲ್ಲಿ ಅದು ಸಿಗುವುದಿಲ್ಲ. ಜೊತೆಗೆ ಹುಳಕ್ಕೆ, ಗೆದ್ದಲಿಗೆ ಆಗದ ಪದಾರ್ಥಗಳನ್ನು ಮರ ವರ್ಷಗಟ್ಟಲೆ ಅಲ್ಲಿ ತುಂಬಿಟ್ಟಿರುತ್ತದೆ.

ಅಂದಮೇಲೆ ವಯಸ್ಸೇ ಮುಖ್ಯ. ಅಜ್ಜನ ಕಾಲದಲ್ಲಿ ಕಾಡಿನ ಹಳೇ ಹೊನ್ನೆ, ಬೀಟೆ, ಮತ್ತಿ ಸಿಗುತ್ತಿತ್ತು. ಬಿಳಿಯನ್ನೆಲ್ಲ ಕೊಡಲಿಯಲ್ಲಿ ಕೆತ್ತಿ ಬಿಸಾಡಿದರೂ ದಪ್ಪ ಚೇಗು ಉಳಿಯುತ್ತಿತ್ತು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಕಂಬಗಳನ್ನು ನೋಡಿದರೆ ಎಂಥ ಮರಗಳಿದ್ದವು ಅಂತ ಗೊತ್ತಾಗುತ್ತದೆ. ಆ ಕಾಡು ಈಗ ಅಷ್ಟಿಲ್ಲ. 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ಕೇಂದ್ರ ಒಪ್ಪಿದ ಯೋಜನೆ ಇಲ್ಲದೆ ಕಾಡಿನ ಮರ ಕಡಿಯುವಂತೆಯೂ ಇಲ್ಲ. ಅದು ಒಳ್ಳೆಯದೇ ಆಯಿತು. ಆದರೆ ತೋಟದ ಬದಿಯ ತೇಗವನ್ನು 20-25 ವರ್ಷಕ್ಕೇ ಕಡಿದರೆ ಚೇಗು ಎಲ್ಲಿಂದ ಬರಬೇಕು?

ಬೇಗ ಬೆಳೆದ ಮರ ಮೆತ್ತಗಿರುತ್ತದೆ ಅಂತ ಜನ ಹೇಳುವುದುಂಟು. ಪೈನ್‌ಗೆ ಆ ಮಾತು ಸರಿ. ತೇಗಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಬೇಗ ಬೆಳೆದು ಅದರ ಉಂಗುರ (ಕೊಯ್ದ ಮರದಲ್ಲಿ ಕಾಣುವ ವರ್ಷದ ಸುತ್ತು) ಅಗಲ ಆಯಿತು ಅಂದ ಮಾತ್ರಕ್ಕೆ ಗಟ್ಟಿತನ ಕಡಿಮೆಯಾಗುವುದಿಲ್ಲ. ಇನ್ನೊಂದು ಮಾತು: ಹಿಂದೆಯೂ ಕಳಪೆ ಮರದಲ್ಲಿ ಕಟ್ಟಿದವರಿದ್ದರು. ಆ ಮನೆಗಳು ಬಿದ್ದುಹೋಗಿವೆ, ಹಾಗಾಗಿ ನಮಗೆ ಕಾಣುವುದಿಲ್ಲ.

ಡೊಂಕಾಗಿದ್ದಕ್ಕೆ ಕಾರಣ ಬೇರೆ. ಹಸಿ ಮರ. ತೇವ ಸುಮಾರು 30 ಪರ್ಸೆಂಟ್‌ಗಿಂತ ಕೆಳಗಿಳಿದ ಮೇಲೆಯೇ ಮರ ಕುಗ್ಗಲು ಶುರುಮಾಡುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಉಂಗುರದ ಸುತ್ತಿಗೆ ಹೆಚ್ಚುಕಮ್ಮಿ ಎರಡು ಪಟ್ಟು ಕುಗ್ಗುತ್ತದೆ. ಈ ಎಳೆದಾಟ ಹಿಂದೆ ಅಟ್ಟದ ಮೇಲೇ ಮುಗಿಯುತ್ತಿತ್ತು. ಕೊಯ್ದ ಹಲಗೆ ವರ್ಷವೋ ಎರಡು ವರ್ಷವೋ ನೆರಳಲ್ಲಿ ಒಣಗಿದ ಮೇಲೇ ಆಚಾರಿ ಉಳಿ ಹಿಡಿಯುತ್ತಿದ್ದರು. ಈಗ ಸಾಮಿಲ್‌ನಿಂದ ನೇರ ಗೋಡೆಗೆ. ಗೃಹಪ್ರವೇಶದ ದಿನ ಮೊದಲೇ ಗೊತ್ತಾಗಿರುತ್ತದಲ್ವಾ, ಕಾಯುವವರು ಯಾರು? ನನಗೆ ಜಾಸ್ತಿ ಬೇಸರ ತರಿಸುವುದು ಇದೇ. ಹಳೇ ಮರ ಮತ್ತೆ ಹುಟ್ಟಿಸಲು ಆಗದು, ಒಣಗಿಸಲು ಆಗುತ್ತದೆ. ಮುಂದೆ ತೇಗ ಕೊಳ್ಳುವಾಗ ತೇವ ಅಳೆಯುವ ಮೀಟರ್ ಇಟ್ಟು ನೋಡಿ, ಬಿಳಿ ಇರುವ ತುಂಡನ್ನು ಪಕ್ಕಕ್ಕಿಡಿ.

ನಿಮ್ಮ ಹಳೇ ತೊಲೆಗಳ ವಿಷಯಕ್ಕೆ ಬಂದರೆ, ಅಂಥ ಒಣಗಿದ ಚೇಗು ಈಗ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದು. ಗೋಡೆಯೊಳಗಿದ್ದ ತುದಿಗಳು ಲಡ್ಡಾಗಿದ್ದರೆ ಕತ್ತರಿಸಿ ತೆಗೆಸಿ. ಮೊಳೆ ಒಂದೂ ಬಿಡದೆ ಕೀಳಿಸಿ, ಇಲ್ಲದಿದ್ದರೆ ಸಾಮಿಲ್‌ನವರು ಬ್ಲೇಡಿಗೆ ಹೆದರಿ ಕೊಯ್ಯಲು ಒಪ್ಪುವುದಿಲ್ಲ. ಹೊಸ ದಾರಂದದ ಹುಳುಕು ಮೂಲೆಯನ್ನು ಚೇಗು ಸಿಗುವವರೆಗೆ ಕೆತ್ತಿಸಿ, ಆ ಜಾಗಕ್ಕೆ ನಿಮ್ಮ ಹಳೇ ಮರದ್ದೇ ಒಂದು ತುಂಡು ಕೂರಿಸಲು ಆಚಾರಿಗೆ ಹೇಳಿ.