ಮನೆಯಲ್ಲಿ ತುಳು ನಿಲ್ಲಿಸಿದ ಮೇಲೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಉಡುಪಿ ಕಡೆಯ ದಂಪತಿ. ಗಂಡನಿಗೆ ಕೇಂದ್ರ ಸರ್ಕಾರದ ನೌಕರಿ, ಭೋಪಾಲಕ್ಕೆ ವರ್ಗವಾಗಿತ್ತು. ಆರು ವರ್ಷದ ಮಗ ತರಗತಿಯಲ್ಲಿ ಬಾಯಿ ಬಿಡುವುದಿಲ್ಲವೆಂದು, ಮನೆಯಲ್ಲೂ ಹಿಂದಿಯನ್ನೇ ಆಡುವಂತೆ ಶಿಕ್ಷಕಿ ಸಲಹೆ ಕೊಟ್ಟಿದ್ದರು. ಅಂದಿನಿಂದ ಮನೆಯಲ್ಲಿ ತುಳು ಬಂದ್. ಈಗ ಹುಡುಗ ಅಲ್ಲೂ ಮಾತಾಡುವುದಿಲ್ಲ. ಬೇಸಗೆ ರಜೆಗೆ ಊರಿಗೆ ಬಂದಾಗ, ಮಕ್ಕಳ ಮಾತಿನ ತೊಂದರೆ ನೋಡುವ ನನ್ನಲ್ಲಿಗೆ ಅವನನ್ನು ಕರೆತಂದರು.

ತಾಯಿ ಮಗನೊಡನೆ ಆಡುತ್ತಿದ್ದ ಹಿಂದಿಗೆ ಕಿವಿಗೊಟ್ಟೆ. ಕೂತುಕೋ, ನೀರು ಕುಡಿ, ಅದನ್ನು ಮುಟ್ಟಬೇಡ. ಆಕೆಗೆ ಬರುವ ಹಿಂದಿ ಅಪ್ಪಣೆಗಷ್ಟೇ ಸಾಲುತ್ತಿತ್ತು. ಹುಡುಗ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಹೊರಗೆ ಕುಳಿತಿದ್ದ ಅಜ್ಜಿಯನ್ನು ಕರೆಸಿದೆ. ಅವನು ಬಿಡಿಸುತ್ತಿದ್ದ ವ್ಯಾನಿನ ಚಿತ್ರ ನೋಡಿ, ಇದರಲ್ಲಿ ನೀನೆಲ್ಲಿ ಎಂದು ಅವರು ತುಳುವಿನಲ್ಲಿ ಕೇಳಿದ್ದೇ ತಡ, ಹುಡುಗ ಶುರುಮಾಡಿದ. ಶಾಲೆಯ ವ್ಯಾನಿನಲ್ಲಿ ದೊಡ್ಡ ಹುಡುಗನೊಬ್ಬ ಇವನ ಬುತ್ತಿ ಡಬ್ಬಿ ಕಸಿದು ಸೀಟಿನಡಿಗೆ ತಳ್ಳುತ್ತಾನಂತೆ. ಇವನು ಬಗ್ಗಿ ಹುಡುಕುವಾಗ ಉಳಿದವರು ನಗುತ್ತಾರಂತೆ. ತಾಯಿಗೆ ಇದು ಗೊತ್ತೇ ಇರಲಿಲ್ಲ.

ತಂದೆ ಮಾತ್ರ ಪಟ್ಟು ಬಿಡಲಿಲ್ಲ. "ಸಂವಿಧಾನದ ಎಂಟನೇ ಪರಿಚ್ಛೇದದ ಭಾಷಾಪಟ್ಟಿಯಲ್ಲೂ ಇಲ್ಲದ ಭಾಷೆ ಮೇಡಂ. ರಾಷ್ಟ್ರಭಾಷೆ ಬಾರದೆ ಹೇಗೆ ಬದುಕುತ್ತಾನೆ?" ಸಂವಿಧಾನದ 343ನೇ ವಿಧಿ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆ ಎನ್ನುತ್ತದೆ, ರಾಷ್ಟ್ರಭಾಷೆಯ ಪಟ್ಟ ಯಾವ ಭಾಷೆಗೂ ಇಲ್ಲ. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿ ಎಂದವರು 18 ಲಕ್ಷಕ್ಕೂ ಹೆಚ್ಚು. ಇಷ್ಟು ಹೇಳಿ ಆ ವಾದವನ್ನು ಅಲ್ಲಿಗೇ ಬಿಟ್ಟೆ. ಭೋಪಾಲದಲ್ಲಿ ಹುಡುಗನಿಗೆ ಹಿಂದಿ ಬೇಕೇ ಬೇಕು. ಆದರೆ ಅದನ್ನು ಸರಾಗವಾಗಿ ಬಲ್ಲವರ ಬಾಯಿಂದ ಕಲಿಯಲಿ, ತಡವರಿಸುವ ತಾಯಿಯಿಂದಲ್ಲ.

ಸಲಹೆ ಹೀಗಿತ್ತು: ಇವತ್ತಿನಿಂದಲೇ ಮನೆಯಲ್ಲಿ ತುಳು. ಹಿಂದಿಗೆ ಶಾಲೆ ಇದೆ, ಸಂಜೆ ಕ್ವಾರ್ಟರ್ಸ್ ಮಕ್ಕಳೊಡನೆ ಆಟ ಇದೆ. ಎರಡು ಭಾಷೆ ಬೆರೆಸಿ ಆಡಿದರೆ ಗದರಬೇಡಿ, ಇಂಥ ಮಕ್ಕಳಲ್ಲಿ ಅದು ಸಹಜ. ಮಾತಿನ ಬೆಳವಣಿಗೆಯೇ ಹಿಂದುಳಿದಿದ್ದರೆ ತುಳುವಿನಲ್ಲೂ ಅದು ಕಾಣಬೇಕಿತ್ತು. ಅವನ ತುಳು ವಯಸ್ಸಿಗೆ ತಕ್ಕಂತೆಯೇ ಇತ್ತು. ಆದರೂ ಶ್ರವಣ ಪರೀಕ್ಷೆ ಮಾಡಿಸಲು ಬರೆದುಕೊಟ್ಟೆ. ಕನ್ನಡದ ಚಿತ್ರಪುಸ್ತಕ ಹಿಡಿದು ಕತೆಯನ್ನು ತುಳುವಿನಲ್ಲಿ ಹೇಳಿ ಎಂದಾಗ ಅಜ್ಜಿ, ತಮಗೆ ಪುಸ್ತಕವೇ ಬೇಡ ಎಂದರು.

ಹೋಂವರ್ಕ್ ಹೊತ್ತಿಗಾದರೂ ಹಿಂದಿಯೇ ಇರಲೆಂದು ತಂದೆ ಹಟ ಹಿಡಿದರು. ಒಪ್ಪಿದೆ, ಅವರ ಹಿಂದಿ ಚೆನ್ನಾಗಿದೆ. ಆದರೆ ಎಲ್ಲಕ್ಕಿಂತ ಮೊದಲು ವ್ಯಾನಿನ ವಿಷಯವನ್ನು ಶಾಲೆಗೆ ಬರವಣಿಗೆಯಲ್ಲಿ ತಿಳಿಸುವ ಹೊಣೆಯನ್ನೂ ಅವರಿಗೇ ವಹಿಸಿದೆ.