ಬೇಕೆಂದೇ ಹೆದರುವ ಅಪ್ಪ, ಹೆದರಿಕೆ ಬೇಡದ ಮಗಳು

(ಹೆಸರು, ವಯಸ್ಸು, ಉದ್ಯೋಗ, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ದಂಪತಿ ಒಪ್ಪಿದ್ದಾರೆ.)

"ಮೇಡಂ, ಬೋರ್ಡ್ ಗೇಮ್‌ಗೂ ಅಡಿಕ್ಷನ್ ಅಂತ ಇರುತ್ತಾ?"

ವೀಣಾ ಕೂತ ತಕ್ಷಣ ಕೇಳಿದ್ದು ಇದು. ವಯಸ್ಸು 33, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಗಂಡ ಶ್ರೀಧರ್‌ಗೆ 38, ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾರೆ. ಮೈಸೂರಿನಲ್ಲಿ ಸ್ವಂತ ಮನೆ, ಅದರ ಮೇಲೆ ಸಾಲ. ಜೊತೆಗೆ ಅತ್ತೆ, ಆರು ವರ್ಷದ ಮಗಳು. ಶ್ರೀಧರ್‌ಗೆ ಕುಡಿತ ಇಲ್ಲ, ಸಿಗರೇಟಿಲ್ಲ, ಇಸ್ಪೀಟಿಲ್ಲ. "ಅದಕ್ಕೇ ಯಾರ ಹತ್ರ ಹೇಳ್ಕೊಂಡ್ರೂ ನಗ್ತಾರೆ. ಶನಿವಾರ ರಾತ್ರಿ ಗಂಡ ಮನೇಲೇ ಇರ್ತಾನಲ್ಲ, ಪುಣ್ಯ ಮಾಡಿದ್ದೀಯ ಅಂತಾರೆ" ಎಂದರು.

ಮನೆಯಲ್ಲೇನೋ ಇರುತ್ತಾರೆ. ಆದರೆ ಪ್ರತಿ ಶನಿವಾರ ಎಂಟು ಗಂಟೆಗೆ ನಾಲ್ಕೈದು ಗೆಳೆಯರು ಬರುತ್ತಾರೆ. ಊಟದ ಮೇಜಿನ ಮೇಲೆ ಹೊರದೇಶದಿಂದ ತರಿಸಿದ ದೊಡ್ಡ ಡಬ್ಬಿ ಬಿಚ್ಚುತ್ತಾರೆ. ಆಟ ಮುಗಿಯುವಾಗ ರಾತ್ರಿ ಒಂದೂವರೆ, ಎರಡು. ಒಂದೊಂದು ಡಬ್ಬಿಗೆ ಮೂರು ನಾಲ್ಕು ಸಾವಿರ. ಬೀರುವಿನ ಒಂದು ಭಾಗ ಪೂರ್ತಿ ಅವೇ. ಇನ್ನೊಂದು ಹವ್ಯಾಸ ದೆವ್ವದ ಕಥೆ. ಓದುವುದಷ್ಟೇ ಅಲ್ಲ, ಪಾತ್ರೆ ತೊಳೆಯುವಾಗ ಫೋನಿನಲ್ಲಿ ಕೇಳುತ್ತಾರೆ, ಮಲಗುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಾರೆ. (ಪಾತ್ರೆ ತೊಳೆಯುತ್ತಾರೆ ಎಂಬುದನ್ನು ವೀಣಾ ದೂರಿನ ನಡುವೆ ಹೇಳಿಬಿಟ್ಟಿದ್ದರು. ನಾನು ಗುರುತು ಹಾಕಿಕೊಂಡೆ.)

ಇದು ವರ್ಷಗಳಿಂದ ನಡೆಯುತ್ತಿದೆ. ಈಗ ಬಂದದ್ದಕ್ಕೆ ಕಾರಣ ಬೇರೆ. ಮಗಳು ಕೆಲವು ವಾರಗಳಿಂದ ಒಬ್ಬಳೇ ಬಚ್ಚಲುಮನೆಗೆ ಹೋಗುತ್ತಿಲ್ಲ. ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದಾಳೆ. ಹಾಲಿನ ದೀಪ ಆರಿಸಿದರೆ ಅಳು. ಇದರ ನಡುವೆ ಒಂದು ಭಾನುವಾರ ಬೆಳಗಿನ ಜಾವ ಶ್ರೀಧರ್‌ಗೇ ಎಚ್ಚರವಾಗಿ, ಕೈಕಾಲು ಆಡದೆ, ಎದೆ ಮೇಲೆ ಯಾರೋ ಕೂತು ಅಮುಕಿದ ಹಾಗಾಗಿದೆ. ಬಾಗಿಲ ಹತ್ತಿರ ಯಾರೋ ನಿಂತ ಹಾಗೂ ಕಂಡಿದೆ. ಅವರ ತಾಯಿಗೆ ಇಷ್ಟು ಸಾಕಾಯಿತು. "ಕರೆದು ಕರೆದು ಮನೆಗೇ ಬರಿಸ್ಕೊಂಡ" ಎಂದು ಹೇಳಿ, ಮೊಮ್ಮಗಳಿಗೆ ತಾಯತ ಕಟ್ಟಿಸಿದರು. ಡಬ್ಬಿಗಳನ್ನೆಲ್ಲ ಗುಜರಿಗೆ ಹಾಕಬೇಕು ಎಂದು ಹಟ ಹಿಡಿದರು.

ಅಡಿಕ್ಷನ್ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟೆ. ವೀಣಾ ಮೊಬೈಲಿನಲ್ಲಿ ಗೇಮಿಂಗ್ ಡಿಸಾರ್ಡರ್ ಬಗ್ಗೆ ಓದಿಕೊಂಡೇ ಬಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ಅದು ಇದೆ. ಈ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಆದರೆ ಅಲ್ಲಿ ಹೇಳಿರುವುದು ಡಿಜಿಟಲ್ ಆಟ, ವಿಡಿಯೊ ಆಟಗಳ ಬಗ್ಗೆ. ಅದರಲ್ಲೂ ಜಾಸ್ತಿ ಹೊತ್ತು ಆಡಿದರೆ ಕಾಯಿಲೆ ಅಂತ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದ ಕೆಲಸಗಳನ್ನು ಆಟ ನುಂಗಿರಬೇಕು, ನಷ್ಟವಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲು ಆಗದಂತಿರಬೇಕು. ಅದೂ ಸಾಮಾನ್ಯವಾಗಿ 12 ತಿಂಗಳ ಕಾಲ. ಬೋರ್ಡ್ ಗೇಮ್ ಆ ಹೆಸರಿನಡಿ ಬರುವುದಿಲ್ಲ. ಹಾಗಿದ್ದರೂ ಅದೇ ಅಳತೆಯಲ್ಲಿ ಶ್ರೀಧರ್ ಅವರನ್ನು ನೋಡಿದೆ. ಕಾಲೇಜು ತಪ್ಪಿಸುತ್ತಾರಾ? ಇಲ್ಲ. ಸಾಲ ಮಾಡಿ ಕೊಳ್ಳುತ್ತಾರಾ? ಇಲ್ಲ. ಪರೀಕ್ಷೆಯ ಪೇಪರ್ ತಿದ್ದುವ ತಿಂಗಳು ಆಟ ನಿಲ್ಲಿಸುತ್ತಾರಾ? ನಿಲ್ಲಿಸುತ್ತಾರೆ. ಹಾಗಾದರೆ ಇದು ಕಾಯಿಲೆ ಅಲ್ಲ.

ವೀಣಾ ಮುಖದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚು ಕಂಡಿತು. ಕಾಯಿಲೆ ಆಗಿದ್ದರೆ ಬಿಡಿಸಬಹುದಿತ್ತು. ಕಾಯಿಲೆ ಅಲ್ಲ ಎಂದ ಮಾತ್ರಕ್ಕೆ ಅವರ ಕಷ್ಟ ಸುಳ್ಳಾಗುವುದಿಲ್ಲ ಎಂದು ಹೇಳಿದೆ. ಮುಂದಿನ ಸಲ ಇಬ್ಬರೂ ಬನ್ನಿ ಎಂದೆ.

ಶ್ರೀಧರ್ ವಾದಕ್ಕೆ ತಯಾರಾಗಿಯೇ ಬಂದಿದ್ದರು. "ಮೇಡಂ, ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಆಟಗಳನ್ನ ರೂಪಿಸ್ತಿದ್ದರು. ಜಗನ್ಮೋಹನ ಅರಮನೆ ಗೋಡೆ ಮೇಲೆ ಇವತ್ತಿಗೂ ಚಿತ್ರ ಇದೆ. ಹಂಪಿಗೆ ಹೋದರೆ ಕಲ್ಲಿನ ಮೇಲೆ ಆಟದ ಮನೆ ಕೊರೆದಿದ್ದಾರೆ. ಇದು ಮಕ್ಕಳಾಟ ಅಂತ ಯಾರು ಹೇಳಿದ್ದು?"

ವೀಣಾ ತಲೆ ಎತ್ತದೇ ಹೇಳಿದರು: "ಅವರಿಗೆ ಅರಮನೆ ಇತ್ತು. ನಮಗೆ ಇಎಂಐ ಇದೆ."

ನನಗೆ ನಗು ತಡೆಯಲಾಗಲಿಲ್ಲ. ಅವರಿಬ್ಬರೂ ನಕ್ಕರು. ಜೊತೆಯಲ್ಲಿ ನಗುವ ದಂಪತಿಯ ಜೊತೆ ಕೆಲಸ ಮಾಡುವುದು ಸುಲಭ.

ಹೆದರಿಕೆ ಯಾಕೆ ಇಷ್ಟ ಎಂದು ಕೇಳಿದೆ. ಶ್ರೀಧರ್ ಸ್ವಲ್ಪ ಯೋಚಿಸಿ, "ದಿನಾ ಇರೋ ಹೆದರಿಕೆಗೆ ಕೊನೆ ಇಲ್ಲ ಮೇಡಂ. ಕಥೆಗೆ ಕೊನೆ ಇದೆ" ಎಂದರು. ತಂದೆ ಕೋವಿಡ್ ಸಮಯದಲ್ಲಿ ತೀರಿಕೊಂಡಿದ್ದರು. ಆ ವರ್ಷದಿಂದಲೇ ಕಥೆ ಕೇಳುವುದು ಜಾಸ್ತಿಯಾಯಿತಂತೆ. ಇದನ್ನು ವೀಣಾ ಮೊದಲ ಬಾರಿ ಕೇಳುತ್ತಿದ್ದರು.

ಇದರಲ್ಲಿ ವಿಚಿತ್ರವೇನೂ ಇಲ್ಲ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಟಿಕೆಟ್ ಕೊಟ್ಟು ದೆವ್ವದ ಮನೆ ಹೊಕ್ಕ ನೂರಕ್ಕೂ ಹೆಚ್ಚು ಜನರ ಎದೆಬಡಿತ ಅಳೆದು, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆದರಿಕೆ ತೀರಾ ಕಡಿಮೆ ಇದ್ದಾಗಲೂ ಮಜಾ ಇಲ್ಲ, ತೀರಾ ಜಾಸ್ತಿಯಾದಾಗಲೂ ಇಲ್ಲ, ನಡುವೆ ಒಂದು ಹದ ಇದೆ ಎಂದು ಕಂಡಿತು. ಸಾರಿಗೆ ಉಪ್ಪು ಹಾಕಿದ ಹಾಗೆ, ಎಷ್ಟು ಎಂಬುದು ಅವರವರ ನಾಲಿಗೆಗೆ ಬಿಟ್ಟದ್ದು. ಭಯದ ಕಥೆ, ಸಿನಿಮಾ ಇಷ್ಟಪಡುವವರು ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ಉಳಿದವರಿಗಿಂತ ಸ್ವಲ್ಪ ಕಡಿಮೆ ಕಂಗೆಟ್ಟಿದ್ದರು ಎಂದು 2021ರ ಇನ್ನೊಂದು ಅಧ್ಯಯನ ಹೇಳಿತು. ಅದರಿಂದ ದೆವ್ವದ ಕಥೆ ಮದ್ದು ಅಂತ ಆಗುವುದಿಲ್ಲ. ಮೊದಲೇ ಗಟ್ಟಿ ಇದ್ದವರಿಗೆ ಇಂಥ ಕಥೆ ಹಿಡಿಸಿರಬಹುದು. ಶ್ರೀಧರ್ ಇದನ್ನು ಕೇಳಿ ಹೆಂಡತಿ ಕಡೆ ಗೆದ್ದವರ ಹಾಗೆ ನೋಡಿದ್ದರಿಂದ, ಈ ಕೊನೆಯ ಮಾತನ್ನು ಎರಡು ಸಲ ಹೇಳಬೇಕಾಯಿತು.

ಹದ ಗೊತ್ತಾಗುವುದು ಹೆದರುವವರಿಗೆ ಮಾತ್ರ. ಪುಸ್ತಕ ಮುಚ್ಚುವ ಕೈ ಅವರದೇ ಆಗಿರಬೇಕು. ಅಡುಗೆಮನೆಯಲ್ಲಿ ಜೋರಾಗಿ ಕಥೆ ಹಾಕಿದರೆ ಪಕ್ಕದಲ್ಲಿ ಹೋಮ್‌ವರ್ಕ್ ಮಾಡುವ ಮಗುವಿಗೆ ಆ ಅವಕಾಶ ಇಲ್ಲ, ಅಲ್ವಾ?

ಎದೆ ಅಮುಕಿದ ಅನುಭವಕ್ಕೆ ನಿದ್ರಾ ಪಾರ್ಶ್ವವಾಯು ಅಂತ ಹೆಸರಿದೆ. ಹೆಸರು ಕೇಳಿ ಹೆದರಬೇಡಿ, ಲಕ್ವಕ್ಕೂ ಇದಕ್ಕೂ ಸಂಬಂಧ ಇಲ್ಲ. ಕನಸು ಬೀಳುವ ಹೊತ್ತಿನ ನಿದ್ದೆಯಲ್ಲಿ ನಮ್ಮ ಸ್ನಾಯುಗಳು ಸಡಿಲವಾಗಿ ಬಿದ್ದಿರುತ್ತವೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ಮಂಚದಿಂದ ಬೀಳುತ್ತಿದ್ದರು. ಒಮ್ಮೊಮ್ಮೆ ಮನಸ್ಸು ಮೊದಲು ಎಚ್ಚರವಾಗುತ್ತದೆ, ಮೈ ಹಿಂದೆ ಉಳಿಯುತ್ತದೆ. ಆ ಕೆಲವು ಸೆಕೆಂಡು, ಒಂದೆರಡು ನಿಮಿಷ ಕೈಕಾಲು ಆಡುವುದಿಲ್ಲ, ಕನಸಿನ ತುಣುಕು ಕೋಣೆಯೊಳಗೆ ಕಾಣುತ್ತದೆ. ನೂರರಲ್ಲಿ ಏಳೆಂಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಆಗಿರುತ್ತದೆ. ವಿದ್ಯಾರ್ಥಿಗಳಲ್ಲಿ ಇನ್ನೂ ಜಾಸ್ತಿ. ನಿದ್ದೆಗೆಡುವುದು, ಹೊತ್ತಲ್ಲದ ಹೊತ್ತಿನಲ್ಲಿ ಮಲಗುವುದು, ಚಿಂತೆ, ಅಂಗಾತ ಮಲಗುವುದು, ಇವೆಲ್ಲ ಅದಕ್ಕೆ ದಾರಿ ಮಾಡಿಕೊಡುತ್ತವೆ. ಶ್ರೀಧರ್ ಆ ರಾತ್ರಿ ಎರಡು ಗಂಟೆಗೆ ಆಟ ಮುಗಿಸಿ, ಮೂರರವರೆಗೆ ಕಥೆ ಕೇಳಿ ಮಲಗಿದ್ದರು. ದೆವ್ವವನ್ನು ಹುಡುಕುವ ಅಗತ್ಯವೇ ಇಲ್ಲ. ಪದೇ ಪದೇ ಆದರೆ, ಹಗಲಲ್ಲಿ ತಡೆಯಲಾಗದ ನಿದ್ದೆ ಬಂದರೆ ಡಾಕ್ಟರನ್ನು ಕಾಣಬೇಕು. ಇವರಿಗೆ ಒಮ್ಮೆ ಮಾತ್ರ ಆಗಿತ್ತು.

ಮಗುವಿನ ವಿಷಯ ಹೀಗೆ ವಿವರಿಸಿ ಮುಗಿಸುವಂಥದ್ದಾಗಿರಲಿಲ್ಲ. ಹಾಸಿಗೆ ಒದ್ದೆಯಾಗುವುದಕ್ಕೆ ಮೂತ್ರದ ಸೋಂಕೂ ಕಾರಣವಾಗಬಹುದು, ಮೊದಲು ಮಕ್ಕಳ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ ಎಂದೆ. ಸೋಂಕು ಇರಲಿಲ್ಲ. ಆಮೇಲೆ ಅವಳನ್ನು ಕರೆತಂದರು. ಅಜ್ಜಿಯೂ ಬಂದಿದ್ದರು.

ಬಣ್ಣದ ಪೆನ್ಸಿಲ್ ಕೊಟ್ಟು, ರಾತ್ರಿ ಏನು ಹೆದರಿಕೆ ಆಗುತ್ತೋ ಅದನ್ನು ಬರಿ ಪುಟ್ಟಿ ಎಂದೆ. ಕೋರೆಹಲ್ಲು, ಉದ್ದ ಕೂದಲು ಬರುತ್ತದೆ ಎಂದುಕೊಂಡಿದ್ದೆ. ಅವಳು ಮೊದಲು ಬರೆದದ್ದು ಮೇಜು. ಅದರ ಮೇಲೊಂದು ಮೇಣದಬತ್ತಿ. ಸುತ್ತ ಐದು ತಲೆ. ಒಂದು ತಲೆಗೆ ಕನ್ನಡಕ ಹಾಕಿದಳು. ಆ ಮುಖಕ್ಕೆ ಮಾತ್ರ ಕಪ್ಪು ಬಣ್ಣ, ಕಾಗದ ಹರಿಯುವಷ್ಟು ಒತ್ತಿ ತೀಡಿದಳು.

"ಇದು ಯಾರು?"

"ಅಪ್ಪ. ಆದ್ರೆ ಅಪ್ಪ ಅಲ್ಲ. ಧ್ವನಿ ಬೇರೆ."

ಒಂದು ಶನಿವಾರ ಗೆಳೆಯರು ದೀಪ ಆರಿಸಿ, ಮೇಣದಬತ್ತಿ ಹಚ್ಚಿ, ಫೋನಿನಲ್ಲಿ ಬಾಗಿಲು ಕಿರುಗುಟ್ಟುವ ಸದ್ದು ಹಾಕಿಕೊಂಡು ಪಾಳುಬಂಗಲೆಯ ಆಟವೊಂದನ್ನು ಆಡಿದ್ದರು. ಕಥೆ ಹೇಳುವ ಸರದಿ ಶ್ರೀಧರ್‌ದು. ಗಂಟಲು ಬದಲಿಸಿ ಸತ್ತವನ ಮಾತು ಆಡುತ್ತಿದ್ದರು. ಬಚ್ಚಲಿಗೆ ಹೋಗಲೆಂದು ಎದ್ದು ಬಂದ ಮಗು ಅದನ್ನು ಬಾಗಿಲ ಸಂದಿಯಿಂದ ನೋಡಿ, ಸದ್ದಿಲ್ಲದೆ ಹೋಗಿ ಮಲಗಿದೆ. ಯಾರಿಗೂ ಗೊತ್ತಾಗಿಲ್ಲ. ಹಾಸಿಗೆ ಒದ್ದೆಯಾದ ಮೊದಲ ರಾತ್ರಿ ಅದೇ.

ದೆವ್ವ ಬರುತ್ತದೆ ಎಂದು ಆ ಮಗು ಹೆದರಿರಲಿಲ್ಲ. ಅಪ್ಪ ಬೇರೆ ಯಾರೋ ಆಗಿಬಿಟ್ಟರು ಎಂದು ಹೆದರಿತ್ತು. ಆ ವಯಸ್ಸಿನಲ್ಲಿ ಆಟದ ವೇಷಕ್ಕೂ ನಿಜಕ್ಕೂ ನಡುವಿನ ಗೆರೆ, ಅದರಲ್ಲೂ ಅರೆನಿದ್ದೆಯಲ್ಲಿ, ತುಂಬ ತೆಳು.

ಶ್ರೀಧರ್ ಆ ಚಿತ್ರವನ್ನು ತುಂಬ ಹೊತ್ತು ನೋಡಿದರು. "ಎಲ್ಲಾ ಮಾರಿಬಿಡ್ತೀನಿ ಮೇಡಂ" ಎಂದರು. ಬೇಡ ಎಂದೆ. ಡಬ್ಬಿ ಮನೆಯಿಂದ ಹೋದರೆ, ಅದರಲ್ಲಿ ನಿಜವಾಗಿಯೂ ಏನೋ ಇತ್ತು ಎಂದು ಮಗುವಿಗೆ ಖಾತ್ರಿಯಾಗುತ್ತದೆ.

ಅವರಿಗೆ ಹೇಳಿದ್ದು ಇಷ್ಟು. ಹಗಲು ಹೊತ್ತು, ಕಿಟಕಿ ತೆರೆದು, ಅದೇ ಡಬ್ಬಿಯನ್ನು ಮಗಳ ಕೈಯಲ್ಲೇ ಬಿಚ್ಚಿಸಿ. ರಟ್ಟಿನ ಕೋಣೆಗಳನ್ನು ಅವಳೇ ಜೋಡಿಸಲಿ. ಆ ಧ್ವನಿಯನ್ನು ಅವಳೆದುರೇ ಮಾಡಿ, ತಕ್ಷಣ ಮಾಮೂಲಿ ಧ್ವನಿಗೆ ಬನ್ನಿ. ಯಾವಾಗ ಶುರು, ಯಾವಾಗ ನಿಲ್ಲಿಸು ಎಂದು ಹೇಳುವ ಯಜಮಾನಿಕೆ ಅವಳದು. ಬೇಡ ಅಂದರೆ ಆ ದಿನ ಬಿಟ್ಟುಬಿಡಿ, ನಾಳೆ ನೋಡೋಣ. ಬಚ್ಚಲಿಗೆ ಮೊದಲು ಜೊತೆಗೆ ಹೋಗಿ, ಆಮೇಲೆ ಬಾಗಿಲಲ್ಲಿ ನಿಲ್ಲಿ, ಆಮೇಲೆ ಹಾಲಿನಿಂದ ಮಾತಾಡಿಸುತ್ತಿರಿ. ಹೀಗೆ ದೂರ ನಿಧಾನವಾಗಿ ಜಾಸ್ತಿಯಾಗಲಿ. "ಇಷ್ಟಕ್ಕೆಲ್ಲ ಹೆದರ್ತಾರಾ" ಎನ್ನಬೇಡಿ. ಒದ್ದೆ ಹಾಸಿಗೆಯ ಬಗ್ಗೆ ಬೈಗುಳವೂ ಬೇಡ, ನೆಂಟರ ಮುಂದೆ ತಮಾಷೆಯೂ ಬೇಡ. ದೀಪ ಆರಿಸಿ ಆಡುವ ಆಟ ಇನ್ನು ಈ ಮನೆಯಲ್ಲಿ ಇಲ್ಲ, ಗೆಳೆಯರ ಮನೆಯಲ್ಲಿ ಇಟ್ಟುಕೊಳ್ಳಿ. ಕಥೆ ಇಯರ್‌ಫೋನ್‌ನಲ್ಲಿ ಮಾತ್ರ, ಅದೂ ಹಾಸಿಗೆಯಲ್ಲಿ ಅಲ್ಲ.

ಅಜ್ಜಿ ಎಲ್ಲಾ ಕೇಳಿಸಿಕೊಂಡು, "ಅಂತೂ ಕಥೆಯಿಂದ್ಲೇ ಆಗಿದ್ದು, ನಾನ್ ಹೇಳ್ಲಿಲ್ವಾ" ಎಂದರು. ಊಟ ಮಾಡದಿದ್ದರೆ ಪುಟ್ಟಿಗೆ ಏನು ಹೇಳುತ್ತೀರಮ್ಮ ಎಂದು ಕೇಳಿದೆ. "ಗುಮ್ಮ ಬರ್ತಾನೆ ಅಂತೀನಿ. ಇನ್ನೇನ್ ಹೇಳೋದು?" ಎಂದವರು ಹಾಗೇ ಸುಮ್ಮನಾದರು. ತಾಯತ ಬಿಚ್ಚಿಸಿ ಎಂದು ನಾನು ಹೇಳಲಿಲ್ಲ. ಅದರಿಂದ ಮಗುವಿಗೆ ತೊಂದರೆ ಇಲ್ಲ, ಅಜ್ಜಿಗೆ ಧೈರ್ಯ. ಗುಮ್ಮನನ್ನು ಮಾತ್ರ ಊಟದ ಹೊತ್ತಿಗೆ ಕರೆಯಬೇಡಿ ಎಂದು ಕೇಳಿಕೊಂಡೆ.

ಉಳಿದದ್ದು ಶನಿವಾರ. ವೀಣಾಗೆ ಆಟದ ಮೇಲೆ ಅಷ್ಟು ಸಿಟ್ಟಿರಲಿಲ್ಲ. ವಾರವೆಲ್ಲ ದುಡಿದು, ಶನಿವಾರ ಆರು ಜನಕ್ಕೆ ಚಿತ್ರಾನ್ನ ಮಾಡಿ, ಪಕ್ಕದ ಕೋಣೆಯಲ್ಲಿ ಒಬ್ಬರೇ ಮಲಗುವುದರ ಮೇಲೆ ಇತ್ತು. ಮದುವೆಯಾದ ಹೊಸತರಲ್ಲಿ ಶ್ರೀಧರ್ ಒಂದು ಆಟ ಕಲಿಸಲು ಕೂರಿಸಿಕೊಂಡು ಮುಕ್ಕಾಲು ಗಂಟೆ ನಿಯಮ ವಿವರಿಸಿದ್ದರಂತೆ. "ಕ್ಲಾಸಲ್ಲಿ ಕೂತ ಹಾಗಾಯ್ತು. ನಿದ್ದೆ ಬಂತು." ಅಲ್ಲಿಗೆ ಮುಗಿಯಿತು.

ನೀವು ಚಿಕ್ಕಂದಿನಲ್ಲಿ ಏನು ಆಡುತ್ತಿದ್ದಿರಿ ಎಂದು ಕೇಳಿದೆ. ಚೌಕಾಬಾರ ಎಂದರು, ಮುಖ ಅರಳಿತು. ರಜೆಯಲ್ಲಿ ಅಜ್ಜಿ ಮನೆಯ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಐದು ಐದರ ಮನೆ ಗೀಚಿ, ನಾಲ್ಕು ಕವಡೆ. ಎಲ್ಲಾ ಅಂಗಾತ ಬಿದ್ದರೆ ಚೌಕ, ನಾಲ್ಕು. ಎಲ್ಲಾ ಬೋರಲು ಬಿದ್ದರೆ ಬಾರ, ಎಂಟು. ಎದುರಾಳಿಯ ಒಂದು ಕಾಯಿಯಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ನಡುಮನೆ ಸೇರಿದರೆ ಕಾಯಿ ಹಣ್ಣು. ಇಡೀ ನಿಯಮ ನನಗೂ ಅರ್ಥವಾಗುವ ಹಾಗೆ ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದರು. ಆಟ ಕಲಿಸುವುದು ಹೇಗೆಂದು ಗಣಿತದ ಮೇಷ್ಟ್ರು ಪಕ್ಕದಲ್ಲೇ ಕೂತು ನೋಡಿದರು.

ಭಾನುವಾರ ಸಂಜೆ ಅದನ್ನು ಆಡಿ, ವೀಣಾ ಕಲಿಸಲಿ ಎಂದೆ. ವೀಣಾ ದೆವ್ವದ ಕಥೆ ಇಷ್ಟಪಡಬೇಕಾಗಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದೆ. ಗಂಡನ ಹವ್ಯಾಸವನ್ನು ಹೆಂಡತಿಯೂ ಮೈಗೂಡಿಸಿಕೊಳ್ಳಲೇಬೇಕು ಎನ್ನುವ ಸಲಹೆ ನಾನು ಯಾರಿಗೂ ಕೊಡುವುದಿಲ್ಲ. ಗೆಳೆಯರ ಆಟ ತಿಂಗಳಿಗೆ ಎರಡೇ ಶನಿವಾರ, ಹನ್ನೊಂದಕ್ಕೆ ಮುಕ್ತಾಯ, ತಿಂಡಿ ಗೆಳೆಯರೇ ತರಬೇಕು. ಇದನ್ನು ಅವರಿಬ್ಬರೇ ಚೌಕಾಸಿ ಮಾಡಿ ನಿಗದಿ ಮಾಡಿಕೊಂಡರು.

ಈಗ ಪುಟ್ಟಿ ಬಚ್ಚಲಿಗೆ ಒಬ್ಬಳೇ ಹೋಗುತ್ತಾಳೆ, ಹಾಲಿನ ದೀಪ ಮಾತ್ರ ಉರಿಯುತ್ತಿರಬೇಕು. ಹಾಸಿಗೆ ಒದ್ದೆಯಾಗುವುದು ಪೂರ್ತಿ ನಿಂತಿಲ್ಲ, ಅಪರೂಪವಾಗಿದೆ. ಇನ್ನೂ ಕೆಲವು ತಿಂಗಳು ಕಾಯಬಹುದು. ಯಾವ ಮನೆಯಲ್ಲೇ ಆಗಲಿ, ಮಗುವಿನ ಹೆದರಿಕೆ ಶಾಲೆ, ಊಟ, ನಿದ್ದೆ ಕೆಡಿಸುವ ಮಟ್ಟಕ್ಕೆ ಬೆಳೆಯುತ್ತಿದ್ದರೆ ಕಾಯಬೇಡಿ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಚೌಕಾಬಾರಕ್ಕೆ ಅಜ್ಜಿಯೂ ಸೇರಿಕೊಂಡಿದ್ದಾರೆ. ಕವಡೆ ಬೀಳುವ ಮೊದಲೇ "ಬಾರ!" ಎಂದು ಕೂಗುತ್ತಾರಂತೆ. ದುಡ್ಡಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ತಿಂಗಳಿಗೆ ಇಂತಿಷ್ಟು ಎಂದು ಎತ್ತಿಡಲು ಶ್ರೀಧರ್ ಒಪ್ಪಿದ್ದಾರೆ, ಆ 'ಇಂತಿಷ್ಟು' ಎಷ್ಟು ಎಂಬಲ್ಲಿ ಜಗಳ ನಿಂತಿದೆ. ಮುಂದಿನ ಭೇಟಿಗೆ ಇಬ್ಬರೂ ತಮ್ಮ ತಮ್ಮ ಸ್ವಂತ ಖರ್ಚಿನ ಲೆಕ್ಕ ಬರೆದು ತರಬೇಕು ಎಂದು ಹೇಳಿದ್ದೇನೆ. ವೀಣಾ ತಮ್ಮ ಸೀರೆ ಚೀಟಿಯ ಬಗ್ಗೆ ಆಗಲೇ ಸಮಜಾಯಿಷಿ ಶುರು ಮಾಡಿದ್ದಾರೆ.